ಖರ್ಚಿಲ್ಲದೆ ತೂಕ ಇಳಿಸುವುದು: ಯಾರಿಗೆ ಯಾವ ಡಯಟ್ ಒಗ್ಗುತ್ತದೆ?

ತೂಕ ಇಳಿಸಲು ಹೊರಟವರು ಮೊದಲು ಕೇಳುವುದು ‘ಯಾವ ಡಯಟ್ ಎಲ್ಲಕ್ಕಿಂತ ಒಳ್ಳೆಯದು?’ ಎಂದು. 2005ರಲ್ಲಿ ಅಮೆರಿಕದಲ್ಲಿ 160 ಜನರನ್ನು ಹೆಸರುವಾಸಿಯಾದ ನಾಲ್ಕು ಡಯಟ್‌ಗಳಿಗೆ ಹಂಚಿ ಒಂದು ವರ್ಷ ಗಮನಿಸಿದರು. ನಾಲ್ಕರಲ್ಲೂ ಸರಾಸರಿ ಇಳಿದದ್ದು 2ರಿಂದ 3 ಕಿಲೋ ಆಸುಪಾಸು. ಯಾವ ಡಯಟ್ ಹಿಡಿದರು ಎಂಬುದರಿಂದ ವ್ಯತ್ಯಾಸ ಬರಲಿಲ್ಲ, ಎಷ್ಟು ಬಿಗಿಯಾಗಿ ಪಾಲಿಸಿದರು ಎಂಬುದರಿಂದ ಬಂತು. 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್ನರ್ ಅವರ ತಂಡ 609 ಜನರಲ್ಲಿ ಕಡಿಮೆ ಕೊಬ್ಬಿನ ಊಟವನ್ನೂ ಕಡಿಮೆ ಕಾರ್ಬೋಹೈಡ್ರೇಟ್ ಊಟವನ್ನೂ ಹೋಲಿಸಿ ನೋಡಿತು. ವರ್ಷದ ಕೊನೆಗೆ ಒಂದು ಗುಂಪಿನಲ್ಲಿ ಸರಾಸರಿ 5.3 ಕಿಲೋ, ಇನ್ನೊಂದರಲ್ಲಿ 6 ಕಿಲೋ ಇಳಿದಿತ್ತು. ಲೆಕ್ಕಕ್ಕೆ ತೆಗೆದುಕೊಳ್ಳುವಂಥ ಅಂತರವೇ ಅಲ್ಲ. ಆದರೆ ಒಂದೇ ಗುಂಪಿನೊಳಗೆ ಕೆಲವರು 25 ಕಿಲೋಗೂ ಹೆಚ್ಚು ಇಳಿಸಿದ್ದರು, ಕೆಲವರು ಇದ್ದ ತೂಕಕ್ಕೆ ಇನ್ನಷ್ಟು ಸೇರಿಸಿಕೊಂಡಿದ್ದರು.

ಹಾಗಾಗಿ ಕೇಳಬೇಕಾದದ್ದು ಎರಡು ಪ್ರಶ್ನೆ. ನಿಮ್ಮ ಹೊಟ್ಟೆಗೆ ಹೆಚ್ಚುವರಿ ಎಲ್ಲಿಂದ ಬರುತ್ತಿದೆ? ಅದನ್ನು ತಡೆಯುವ ದಾರಿಗಳಲ್ಲಿ ಆರನೇ ತಿಂಗಳಲ್ಲೂ ನೀವು ಕೈಬಿಡದೆ ನಡೆಸಬಹುದಾದದ್ದು ಯಾವುದು? ಇದಕ್ಕೆ ಪುಡಿ, ಪೇಯ, ದುಡ್ಡು ಕೊಟ್ಟು ತೆಗೆದುಕೊಳ್ಳುವ ಪ್ಲಾನ್ ಯಾವುದೂ ಬೇಡ. ಒಂದು ನೋಟ್‌ಬುಕ್, ಅಡುಗೆಮನೆಯ ಸೌಟು, ಒಂದು ಉದ್ದದ ದಾರ ಇದ್ದರೆ ಸಾಕು.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಗರ್ಭಿಣಿಯರು, ಎದೆಹಾಲು ಕುಡಿಸುತ್ತಿರುವವರು, 18 ವರ್ಷದೊಳಗಿನವರು, ಹಿಂದೆ ಊಟ ಬಿಡುವ ಅಥವಾ ತಿಂದು ವಾಂತಿ ಮಾಡುವ ಕಾಯಿಲೆ ಇದ್ದವರು ಇಲ್ಲಿರುವುದನ್ನು ತಾವಾಗಿಯೇ ಶುರು ಮಾಡಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿ ಔಷಧಿ ಅಷ್ಟೇ ಇಟ್ಟುಕೊಂಡರೆ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬಿಪಿ ಮಾತ್ರೆಗೂ ಇದೇ ಎಚ್ಚರ ಬೇಕು, ತೂಕ ಇಳಿದಂತೆ ಒತ್ತಡವೂ ಇಳಿಯುತ್ತದೆ. ಕಿಡ್ನಿ ತೊಂದರೆ ಇದ್ದವರು ಪ್ರೋಟೀನ್ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಬೇಕು.

ಆರಿಸುವ ಮೊದಲು ಒಂದು ವಾರ ಬರೆಯಿರಿ

ಏಳು ದಿನ ಏನನ್ನೂ ಬದಲಿಸದೆ, ಬಾಯಿಗೆ ಹೋದದ್ದನ್ನೆಲ್ಲ ಬರೆದಿಡಿ. ಎಷ್ಟು ಗಂಟೆಗೆ, ಏನು, ಎಷ್ಟು ಸೌಟು ಅಥವಾ ಎಷ್ಟು ಲೋಟ, ಆಗ ನಿಜವಾಗಿ ಹಸಿದಿತ್ತೋ ಇಲ್ಲವೋ. ಈ ನಾಲ್ಕು ಸಂಗತಿ ಸಾಕು. ರಾತ್ರಿ ಕೂತು ನೆನಪಿಸಿಕೊಂಡು ಬರೆದರೆ ಪ್ರಯೋಜನವಿಲ್ಲ, ತಿಂದ ತಕ್ಷಣ ಬರೆಯಬೇಕು. ‘ನಾನು ತಿನ್ನುವುದೇ ಕಮ್ಮಿ, ಆದರೂ ಇಳಿಯುವುದಿಲ್ಲ’ ಎನ್ನುತ್ತಿದ್ದ ಹತ್ತು ಜನರನ್ನು 1992ರಲ್ಲಿ ಸಂಶೋಧಕರು ಪರೀಕ್ಷೆಗೆ ಒಳಪಡಿಸಿದಾಗ, ಅವರು ತಿಂದದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆ ಹೇಳಿದ್ದರು. ಅವರು ಸುಳ್ಳು ಹೇಳಿದ್ದರು ಎಂದಲ್ಲ. ಅಡುಗೆ ಮಾಡುವಾಗ ರುಚಿ ನೋಡಿದ್ದು, ಮಗುವಿನ ತಟ್ಟೆಯಲ್ಲಿ ಉಳಿದದ್ದು, ಕೆಲಸದ ನಡುವೆ ಬಾಯಿಗೆ ಹಾಕಿಕೊಂಡ ಎರಡು ಬಿಸ್ಕತ್ತು ಯಾರ ನೆನಪಿನಲ್ಲೂ ನಿಲ್ಲುವುದಿಲ್ಲ.

ತಕ್ಕಡಿ ಇಲ್ಲದೆಯೂ ಅಳೆಯಬಹುದು. ಒಂದು ಕಿಲೋ ಅಕ್ಕಿಯ ಪೊಟ್ಟಣ ಒಡೆದಾಗ ದಿನವೂ ಬಳಸುವ ಲೋಟದಲ್ಲಿ ಅದು ಎಷ್ಟು ಲೋಟವಾಗುತ್ತದೆ ಎಂದು ಒಮ್ಮೆ ಎಣಿಸಿಕೊಳ್ಳಿ. ಆರು ಲೋಟ ತುಂಬಿ ಸ್ವಲ್ಪ ಉಳಿದರೆ ಒಂದು ಲೋಟಕ್ಕೆ ಸುಮಾರು 160 ಗ್ರಾಂ. ಅಕ್ಕಿಯ 100 ಗ್ರಾಂಗೆ 360 ಕ್ಯಾಲೊರಿ ಲೆಕ್ಕದಲ್ಲಿ ಆ ಲೋಟಕ್ಕೆ 575 ಕ್ಯಾಲೊರಿ. ಬೇಯಿಸಿದ ಮೇಲೆ ಅದೇ ಅನ್ನ ಎಷ್ಟು ಸೌಟಾಗುತ್ತದೆ ನೋಡಿ. ಏಳು ಸೌಟಾದರೆ ಒಂದಕ್ಕೆ 80ರ ಹತ್ತಿರ. ಒಂದು ಸಲ ಲೆಕ್ಕ ಹಾಕಿಟ್ಟುಕೊಂಡರೆ ಆಮೇಲೆ ಸೌಟು ಎಣಿಸಿದರೆ ಆಯಿತು. ಬೇಳೆಗೂ ಹಿಟ್ಟಿಗೂ ಇದೇ ಉಪಾಯ.

ಎಣ್ಣೆಯದು ಬೇರೆಯೇ ಕಥೆ. ಬಾಣಲೆಗೆ ಸುರಿಯುವಾಗ ಅದು ಕಣ್ಣಳತೆಗೆ ಸಿಗುವುದೇ ಇಲ್ಲ, ಬೆಂದ ಪಲ್ಯದಲ್ಲಂತೂ ಕಾಣುವುದೂ ಇಲ್ಲ. ಆದ್ದರಿಂದ ಬಾಟಲಿಯನ್ನೇ ಅಳತೆಗೋಲು ಮಾಡಿಕೊಳ್ಳಿ. ತಿಂಗಳ ಮೊದಲ ದಿನ ಎಣ್ಣೆ ಎಲ್ಲಿಯವರೆಗೆ ಇದೆಯೋ ಅಲ್ಲಿ ಪೆನ್ನಿನಿಂದ ಗೆರೆ ಎಳೆಯಿರಿ, ತಿಂಗಳ ಕೊನೆಗೆ ಒಟ್ಟು ಎಷ್ಟು ಖಾಲಿಯಾಯಿತು ನೋಡಿ. ಒಂದು ಲೀಟರ್ ಎಣ್ಣೆಯಲ್ಲಿ 8,200 ಕ್ಯಾಲೊರಿಗೂ ತುಸು ಹೆಚ್ಚೇ ಇರುತ್ತದೆ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 4 ಲೀಟರ್ ಮುಗಿದರೆ ತಲೆಗೆ ದಿನಕ್ಕೆ 275 ಕ್ಯಾಲೊರಿ ಎಣ್ಣೆಯಿಂದಲೇ ಬಂತು. ಅದನ್ನು ಎರಡೂವರೆ ಲೀಟರ್‌ಗೆ ತಂದರೆ ದಿನಕ್ಕೆ ಸುಮಾರು 100 ಕ್ಯಾಲೊರಿ ಉಳಿಯುತ್ತದೆ, ಎಣ್ಣೆಯ ದುಡ್ಡೂ ಉಳಿಯುತ್ತದೆ.

ಎಷ್ಟು ಕಡಿಮೆ ಮಾಡಬೇಕು

1990ರಿಂದ ಬಳಕೆಯಲ್ಲಿರುವ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ ಮನೆಯಲ್ಲೇ ಹಾಕಬಹುದಾದ ಲೆಕ್ಕ. ತೂಕವನ್ನು (ಕಿಲೋ) 10ರಿಂದ, ಎತ್ತರವನ್ನು (ಸೆಂ.ಮೀ.) 6.25ರಿಂದ ಗುಣಿಸಿ ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ ಕಳೆಯಿರಿ. ಬಂದದ್ದಕ್ಕೆ ಗಂಡಸರು 5 ಕೂಡಿಸಬೇಕು, ಹೆಂಗಸರು 161 ಕಳೆಯಬೇಕು. ಇದು ಸುಮ್ಮನೆ ಮಲಗಿದ್ದರೂ ದೇಹ ಸುಡುವ ಶಕ್ತಿ. ದಿನವಿಡೀ ಕೂತು ಕೆಲಸ ಮಾಡುವವರು ಇದನ್ನು 1.2ರಿಂದ, ಸ್ವಲ್ಪ ಓಡಾಟ ಇರುವವರು 1.375ರಿಂದ ಗುಣಿಸಿದರೆ ದಿನದ ಒಟ್ಟು ಖರ್ಚು ಸಿಗುತ್ತದೆ.

38 ವರ್ಷದ, 158 ಸೆಂ.ಮೀ. ಎತ್ತರದ, 72 ಕಿಲೋ ತೂಕದ ಮಹಿಳೆಯನ್ನು ತೆಗೆದುಕೊಳ್ಳಿ. 720 + 987 − 190 − 161, ಅಂದರೆ 1,356. ಸ್ವಲ್ಪ ಓಡಾಟ ಸೇರಿಸಿದರೆ 1,865ರ ಆಸುಪಾಸು. ಅದರಲ್ಲಿ ದಿನಕ್ಕೆ 400 ಕಡಿಮೆ ಮಾಡಿದರೆ ತಿಂಗಳಿಗೆ 12,000 ಕ್ಯಾಲೊರಿ ಕೊರತೆ. ಒಂದು ಕಿಲೋ ದೇಹದ ಕೊಬ್ಬಿಗೆ ಸುಮಾರು 7,700 ಎಂದರೆ ಒಂದೂವರೆ ಕಿಲೋ ಇಳಿಕೆ. ತಿಂಗಳಿಗೆ ಇಷ್ಟೇನಾ ಎನಿಸಬಹುದು. ಇಷ್ಟೇ ಆದರೆ ತಡೆದುಕೊಳ್ಳಬಹುದು ಎಂಬುದೇ ಇದರ ಬಲ. ವೈದ್ಯರ ಕಣ್ಗಾವಲಿಲ್ಲದೆ ಹೆಂಗಸರು 1,200ಕ್ಕಿಂತ, ಗಂಡಸರು 1,500ಕ್ಕಿಂತ ಕೆಳಗೆ ಇಳಿಯಬಾರದು.

ಇನ್ನು ಆಯ್ಕೆಗಳು

ಮೊದಲನೆಯದು, ತಿನ್ನುವುದೆಲ್ಲ ಅದೇ, ಅಳತೆ ಮಾತ್ರ ಕಡಿಮೆ. ಹೊತ್ತು ಹೊತ್ತಿಗೆ ಮನೆಯೂಟ ಮಾಡುವವರಿಗೆ, ತನಗೊಂದು ಮನೆಯವರಿಗೊಂದು ಅಡುಗೆ ಮಾಡಲಾಗದವರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಬರೆದಿಡುವ ಅಭ್ಯಾಸ ಇದಕ್ಕೆ ಬೆನ್ನೆಲುಬು. 2008ರಲ್ಲಿ ಪ್ರಕಟವಾದ, ಸುಮಾರು 1,700 ಜನರ ಅಧ್ಯಯನವೊಂದರಲ್ಲಿ ದಿನವೂ ಊಟ ಬರೆದಿಟ್ಟವರು ಬರೆಯದವರಿಗಿಂತ ಎರಡು ಪಟ್ಟು ತೂಕ ಇಳಿಸಿದ್ದರು. ಈ ದಾರಿ ಕೈಕೊಡುವುದು ಎರಡನೇ ವಾರದಲ್ಲಿ. ಅನ್ನದ ಸೌಟು ತೆಗೆದ ಜಾಗಕ್ಕೆ ಏನನ್ನೂ ತುಂಬದಿದ್ದರೆ ಸಂಜೆ ಐದಕ್ಕೆ ಹಸಿವು ಹಿಂಡುತ್ತದೆ, ಕೈ ಡಬ್ಬಕ್ಕೆ ಹೋಗುತ್ತದೆ. ಒಂದು ಸೌಟು ಅನ್ನ ತೆಗೆದರೆ ಎರಡು ಸೌಟು ತರಕಾರಿ ಬಡಿಸಿಕೊಳ್ಳಬೇಕು. ಇನ್ನೊಂದು ತಪ್ಪು, ಎಂದಿನಷ್ಟೇ ಅಡುಗೆ ಮಾಡಿ ಕಡಿಮೆ ತಿನ್ನಲು ಹೋಗುವುದು. ಪಾತ್ರೆಯ ತಳದಲ್ಲಿ ಉಳಿದದ್ದು ಹಾಳಾಗಬಾರದೆಂದು ಕೊನೆಗೆ ಹೊಟ್ಟೆಗೇ ಸೇರುತ್ತದೆ. ಅಕ್ಕಿ ಅಳೆಯುವಾಗಲೇ ಕಡಿಮೆ ಹಾಕಿ.

ಎರಡನೆಯದು, ಊಟದ ವೇಳೆಗೆ ಬೇಲಿ ಹಾಕುವುದು. ಎಂಟು ಗಂಟೆಯ ಅವಧಿಯೊಳಗೆ ತಿಂದು ಉಳಿದ ಹದಿನಾರು ಗಂಟೆ ಬಾಯಿ ಮುಚ್ಚುವುದು ಇದರ ಜನಪ್ರಿಯ ರೂಪ. ಇದರ ಸುತ್ತ ಹಬ್ಬಿರುವ ಮಾತು ಬಹಳ, ಆದರೆ ಗಡಿಯಾರಕ್ಕೆ ಅದರದೇ ಆದ ಮಾಯಾಶಕ್ತಿ ಇಲ್ಲ. ಚೀನಾದ ಗುವಾಂಗ್‌ಝೌನಲ್ಲಿ 139 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡು ಗುಂಪಿಗೂ ಕ್ಯಾಲೊರಿ ಅಷ್ಟೇ ಕಡಿಮೆ ಮಾಡಿಸಿ, ಒಂದು ಗುಂಪಿಗೆ ಮಾತ್ರ ಬೆಳಿಗ್ಗೆ 8ರಿಂದ ಸಂಜೆ 4ರ ಗಡಿ ಹಾಕಿದ್ದರು. ವರ್ಷದ ಕೊನೆಗೆ ಎರಡು ಗುಂಪಿನ ನಡುವೆ ಖಚಿತವೆನ್ನುವಂಥ ವ್ಯತ್ಯಾಸ ಇರಲಿಲ್ಲ. ಅಂದರೆ ಕಡಿಮೆ ತಿಂದದ್ದೇ ಕೆಲಸ ಮಾಡಿದ್ದು. ಹಾಗೆಂದು ಇದನ್ನು ತಳ್ಳಿಹಾಕಬೇಕಿಲ್ಲ. ನಿಮ್ಮ ನೋಟ್‌ಬುಕ್‌ನಲ್ಲಿ ರಾತ್ರಿ ಊಟದ ನಂತರ ಟಿವಿ, ಮೊಬೈಲ್ ಮುಂದೆ ತಿಂದದ್ದೇ ಜಾಸ್ತಿ ಕಂಡರೆ, ‘ಎಂಟರ ಮೇಲೆ ಏನೂ ಇಲ್ಲ’ ಎಂಬ ಒಂದೇ ನಿಯಮ ಹತ್ತು ಲೆಕ್ಕಗಳ ಕೆಲಸ ಮಾಡುತ್ತದೆ.

ಏಕಾಏಕಿ ಹದಿನಾರು ಗಂಟೆಗೆ ಹಾರಬೇಡಿ. ಮೊದಲ ಎರಡು ವಾರ ಹನ್ನೆರಡು ಗಂಟೆ ಬಿಡುವು ಕೊಡಿ, ಆಮೇಲೆ ಹದಿನಾಲ್ಕು. ನೀರು ಮತ್ತು ಹಾಲೂ ಸಕ್ಕರೆಯೂ ಹಾಕದ ಚಹಾ ನಡೆಯುತ್ತದೆ. ಇದು ಕೆಡುವುದು ಮೊದಲ ಊಟದಲ್ಲಿ. ಹಸಿದ ಹೊಟ್ಟೆಗೆ ಕರಿದದ್ದು ಅಥವಾ ಸಿಹಿ ಬಿದ್ದರೆ ಉಳಿಸಿದ್ದೆಲ್ಲ ಅರ್ಧ ಗಂಟೆಯಲ್ಲಿ ವಾಪಸ್. ಬೆಳಗಿನ ಊಟದ ಜತೆ ಅದರ ಪ್ರೋಟೀನ್ ಕೂಡ ಬಿಟ್ಟುಹೋದರೆ ಕೊಬ್ಬಿನ ಜತೆ ಸ್ನಾಯುವೂ ಕರಗುತ್ತದೆ, ತೂಕ ಇಳಿದರೂ ಕೈಕಾಲಿನ ಬಲ ಹೋಗುತ್ತದೆ. ದಿನ ಬಿಟ್ಟು ದಿನ ಉಪವಾಸ ಇನ್ನೂ ಕಠಿಣ. 2017ರ ಒಂದು ವರ್ಷದ ಪ್ರಯೋಗದಲ್ಲಿ ಅದನ್ನು ಹಿಡಿದವರಲ್ಲಿ ಶೇ 38ರಷ್ಟು ಜನ ನಡುವೆಯೇ ಬಿಟ್ಟರು, ದಿನವೂ ಸ್ವಲ್ಪ ಸ್ವಲ್ಪ ಕಡಿಮೆ ತಿಂದವರಲ್ಲಿ ಬಿಟ್ಟವರು ಶೇ 29. ಇಳಿದ ತೂಕದಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ.

ಮೂರನೆಯದು ಕಾರ್ಬೋಹೈಡ್ರೇಟ್ ಕಡಿತ. ಅನ್ನ, ರೊಟ್ಟಿ, ಬ್ರೆಡ್, ಸಕ್ಕರೆ ಕಡಿಮೆ ಮಾಡಿದವರು ಮೊದಲ ವಾರದಲ್ಲೇ ಎರಡು ಕಿಲೋ ಇಳಿದೆವೆಂದು ಹಿಗ್ಗುತ್ತಾರೆ. ಒಳಗೆ ಏನಾಯಿತು ಎಂದು ತಿಳಿದಿರಬೇಕು. ಪಿತ್ತಜನಕಾಂಗ ಮತ್ತು ಸ್ನಾಯುಗಳು ಸೇರಿ ಸುಮಾರು 500 ಗ್ರಾಂ ಗ್ಲೈಕೋಜನ್ (ಕಾರ್ಬೋಹೈಡ್ರೇಟ್‌ನ ದಾಸ್ತಾನು ರೂಪ) ಕೂಡಿಟ್ಟಿರುತ್ತವೆ, ಅದರ ಒಂದೊಂದು ಗ್ರಾಂ ಜತೆಗೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ದಾಸ್ತಾನು ಕರಗಿದಾಗ ಆ ನೀರೂ ಹೋಗುತ್ತದೆ. ಹೋದದ್ದು ಬಹುಪಾಲು ನೀರು. ಒಂದು ಮದುವೆ ಊಟ ಮಾಡಿ ಬಂದರೆ ಮರುದಿನ ತೂಕ ಒಂದೂವರೆ ಕಿಲೋ ಏರುವುದೂ ಇದೇ ಕಾರಣಕ್ಕೆ. ‘ಎಲ್ಲ ಕೆಟ್ಟಿತು’ ಎಂದು ಆ ದಿನವೇ ಕೈಚೆಲ್ಲುವವರು ಬಹಳ. ಕೆಟ್ಟಿರುವುದಿಲ್ಲ.

ಖರ್ಚಿನ ದೃಷ್ಟಿಯಿಂದ ಈ ದಾರಿ ಎಲ್ಲಕ್ಕಿಂತ ದುಬಾರಿಯಾಗುವ ಸಂಭವವಿದೆ. ಧಾನ್ಯ ಬಿಟ್ಟ ಜಾಗಕ್ಕೆ ಬಾದಾಮಿ, ಚೀಸ್, ಮಾಂಸ ಬರುತ್ತವೆ. ಶೇಂಗಾ ಅಗ್ಗವೇ, ಆದರೆ 100 ಗ್ರಾಂಗೆ 567 ಕ್ಯಾಲೊರಿ, ಒಂದು ಹಿಡಿಗೆ ನಿಲ್ಲಿಸುವುದು ಕಷ್ಟ. ಪೂರ್ತಿ ಬಿಡುವ ಬದಲು ಪ್ರತಿ ಊಟದಲ್ಲಿ ಅರ್ಧ ಮಾಡಿ, ಸಕ್ಕರೆ ಮತ್ತು ಮೈದಾ ಮಾತ್ರ ಬಿಟ್ಟು, ಕಾಳು-ಮೊಟ್ಟೆ-ಸೊಪ್ಪು ಹೆಚ್ಚಿಸುವುದು ನಮ್ಮ ಸಲಹೆ. ಮೊದಲ ವಾರದ ತಲೆನೋವು, ಸ್ನಾಯು ಸೆಳೆತಕ್ಕೆ ಬಹುಮಟ್ಟಿಗೆ ಕಾರಣ ನೀರಿನ ಜತೆ ಉಪ್ಪಿನಂಶವೂ ಹೊರಹೋಗುವುದು. ಮಲಬದ್ಧತೆಗೆ ಕಾರಣ ನಾರು ಕಡಿಮೆಯಾದದ್ದು. ಒಂದು ಬಿಸ್ಕತ್ತು ತಿಂದರೆ ಪೊಟ್ಟಣ ಮುಗಿಯುವವರೆಗೆ ನಿಲ್ಲಲಾಗದವರಿಗೆ ಈ ದಾರಿ ಒಳ್ಳೆಯದು, ಅಂಥವರಿಗೆ ‘ಸ್ವಲ್ಪ’ ಎನ್ನುವುದಕ್ಕಿಂತ ‘ಬೇಡ’ ಎನ್ನುವುದು ಸುಲಭ.

ನಾಲ್ಕನೆಯದು ಜಿಡ್ಡು ಕಡಿಮೆ ಮಾಡುವುದು. ಕೊಬ್ಬಿನ ಒಂದು ಗ್ರಾಂಗೆ 9 ಕ್ಯಾಲೊರಿ, ಪ್ರೋಟೀನ್-ಕಾರ್ಬೋಹೈಡ್ರೇಟ್‌ಗೆ 4. ತಟ್ಟೆಯಲ್ಲಿರುವುದು ಕಡಿಮೆಯಾದಂತೆ ಕಾಣದೆಯೇ ಕ್ಯಾಲೊರಿ ಇಳಿಯುವುದು ಈ ದಾರಿಯ ಗುಣ. ಬಾಟಲಿಯಿಂದ ಸುರಿಯುವ ಬದಲು ಚಹಾ ಚಮಚದಲ್ಲಿ ಎಣಿಸಿ ಹಾಕಿ. ಒಂದು ಚಮಚಕ್ಕೆ ಸುಮಾರು 40 ಕ್ಯಾಲೊರಿ. ಒಬ್ಬರಿಗೆ ದಿನಕ್ಕೆ ಮೂರು-ನಾಲ್ಕು ಚಮಚ ಇರಲಿ. ಎಣ್ಣೆಯನ್ನು ಪೂರ್ತಿ ಬಿಟ್ಟರೆ ಎ, ಡಿ, ಇ, ಕೆ ವಿಟಮಿನ್‌ಗಳು ಸರಿಯಾಗಿ ಮೈಗೆ ಹತ್ತುವುದಿಲ್ಲ, ಅಡುಗೆಯೂ ರುಚಿ ಕೆಟ್ಟು ನಾಲ್ಕು ದಿನದಲ್ಲಿ ಹಠ ಮುರಿಯುತ್ತದೆ. ಪಲ್ಯ ತಳ ಹಿಡಿಯುತ್ತದೆಂದು ಎಣ್ಣೆ ಸೇರಿಸುವ ಅಭ್ಯಾಸವಿದ್ದರೆ ಅಲ್ಲಿ ಎರಡು ಚಮಚ ನೀರು ಚಿಮುಕಿಸಿ ಮುಚ್ಚಿಡಿ. ‘ಲೋ ಫ್ಯಾಟ್’ ಎಂದು ಬರೆದ ಪೊಟ್ಟಣಗಳಲ್ಲಿ ಕೊಬ್ಬು ತೆಗೆದ ಜಾಗಕ್ಕೆ ಸಕ್ಕರೆ ಬಂದಿರುವುದುಂಟು, ಹಿಂಬದಿಯ ಪಟ್ಟಿ ಓದದೆ ನಂಬಬೇಡಿ.

ಐದನೆಯದು ತಟ್ಟೆ ಹಂಚಿಕೆ. ಲೆಕ್ಕವೆಂದರೆ ತಲೆಚಿಟ್ಟು ಹಿಡಿಯುವವರಿಗೆ ಇದನ್ನೇ ಹೇಳುತ್ತೇವೆ. ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಕಾಳು, ಮೊಟ್ಟೆ, ಮೀನು ಅಥವಾ ಮಾಂಸ, ಉಳಿದ ಕಾಲು ಭಾಗ ಧಾನ್ಯ. ಆಲೂಗಡ್ಡೆ ಧಾನ್ಯದ ಪಾಲಿಗೆ ಸೇರಬೇಕು. ತರಕಾರಿ ಎಣ್ಣೆಯಲ್ಲಿ ಮುಳುಗಿದ್ದರೆ ಹಂಚಿಕೆಗೆ ಅರ್ಥವಿಲ್ಲ. ಎರಡನೇ ಸಲ ಬಡಿಸಿಕೊಳ್ಳುವಾಗ ತರಕಾರಿ ಮಾತ್ರ. ಜತೆಗೆ ಪ್ಯಾಕೆಟ್ ತಿನಿಸು ಬಿಟ್ಟರೆ ಇದರ ಬಲ ದುಪ್ಪಟ್ಟಾಗುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ 2019ರಲ್ಲಿ 20 ಜನರಿಗೆ ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟು, ಬೇಕಾದಷ್ಟು ತಿನ್ನಿ ಎಂದರು. ಬಡಿಸಿದ ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸಮನಾಗಿದ್ದರೂ ಸಿದ್ಧ ಆಹಾರದ ದಿನಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು.

ಕುಡಿಯುವುದರಿಂದಲೇ ಹೆಚ್ಚುವರಿ ಬರುತ್ತಿದ್ದರೆ ಊಟವನ್ನು ಮುಟ್ಟುವುದೇ ಬೇಡ. ದಿನಕ್ಕೆ ನಾಲ್ಕು ಕಪ್ ಕಾಫಿ, ಕಪ್ಪಿಗೆ ಎರಡು ಚಮಚ ಸಕ್ಕರೆ ಎಂದರೆ ತಿಂಗಳಿಗೆ 3,800 ಕ್ಯಾಲೊರಿ, ಅರ್ಧ ಕಿಲೋ ಕೊಬ್ಬಿನ ಲೆಕ್ಕ. ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತ ಬಂದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಹಣ್ಣಿನ ರಸದ ಬದಲು ಹಣ್ಣನ್ನೇ ತಿನ್ನಿ.

ಬರೀ ಜ್ಯೂಸ್, ಬರೀ ಸೂಪ್, ಒಂದೇ ಹಣ್ಣಿನ ಡಯಟ್‌ಗಳನ್ನು ಹೋಲಿಕೆಗೇ ತೆಗೆದುಕೊಂಡಿಲ್ಲ. ಅವುಗಳಲ್ಲಿ ಸಾಕಷ್ಟು ಪ್ರೋಟೀನ್ ಇಲ್ಲ. ಇಂಥ ಡಯಟ್ ಹಿಡಿದ ಎರಡು-ಮೂರು ತಿಂಗಳಿಗೆ ಕೂದಲು ಉದುರತೊಡಗಬಹುದು, ಆಗ ಕಾರಣ ಯಾರಿಗೂ ಹೊಳೆಯುವುದಿಲ್ಲ. ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಅಪಾಯವೂ ಹೆಚ್ಚು.

ಯಾವುದನ್ನೇ ಹಿಡಿದರೂ ಬಿಡಬಾರದ್ದು

ಪ್ರೋಟೀನ್. ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2 ಗ್ರಾಂ ಗುರಿ ಇಟ್ಟುಕೊಳ್ಳಿ, ತೂಕ ತೀರಾ ಹೆಚ್ಚಿದ್ದರೆ ತಲುಪಬೇಕೆಂದಿರುವ ತೂಕಕ್ಕೆ ಲೆಕ್ಕ ಹಾಕಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಬೇಯಿಸಿದ ಕಾಳಿನ 100 ಗ್ರಾಂನಲ್ಲಿ 8ರಿಂದ 9 ಗ್ರಾಂ. ಮೂರೂ ಊಟಕ್ಕೆ ಹಂಚಬೇಕು, ಒಂದೇ ಹೊತ್ತಿಗೆ ಸುರಿದುಕೊಳ್ಳಬಾರದು. ಕಾಳು ಇದ್ದಕ್ಕಿದ್ದಂತೆ ಹೆಚ್ಚಿಸಿದರೆ ಹೊಟ್ಟೆಯುಬ್ಬರ ಬರುತ್ತದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಬೇಯಿಸಿ.

ಹೊಟ್ಟೆ ತುಂಬಿದ ಭಾವ ಕೊಡುವ ಆಹಾರವೂ ಅಷ್ಟೇ ಮುಖ್ಯ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ 38 ಆಹಾರಗಳನ್ನು ಸಮಾನ ಕ್ಯಾಲೊರಿಯಲ್ಲಿ ತಿನ್ನಿಸಿ ಯಾವುದು ಹೆಚ್ಚು ಹೊತ್ತು ಹಸಿವು ತಡೆಯುತ್ತದೆ ಎಂದು ನೋಡಿದಾಗ ಮೊದಲ ಸ್ಥಾನ ಬಂದದ್ದು ಬರೀ ಬೇಯಿಸಿದ ಆಲೂಗಡ್ಡೆಗೆ, ಬಿಳಿ ಬ್ರೆಡ್ಡಿನ ಮೂರು ಪಟ್ಟಿಗೂ ಹೆಚ್ಚು. ಆಲೂಗಡ್ಡೆ ದಪ್ಪ ಮಾಡುತ್ತದೆ ಎಂಬ ಮಾತು ಅದನ್ನು ಕರಿಯುವ ಎಣ್ಣೆಗೆ ಸಲ್ಲಬೇಕಾದದ್ದು.

ನಾಲ್ಕು ವಾರದ ಪರೀಕ್ಷೆ

ಆರಿಸಿದ ಒಂದನ್ನೇ ನಾಲ್ಕು ವಾರ ನಡೆಸಿ. ಎರಡು ಮೂರನ್ನು ಒಟ್ಟಿಗೆ ಹಿಡಿದರೆ ಯಾವುದು ಫಲ ಕೊಟ್ಟಿತು, ಯಾವುದು ಸುಮ್ಮನೆ ಕಷ್ಟ ಕೊಟ್ಟಿತು ಎಂದು ಗೊತ್ತಾಗುವುದಿಲ್ಲ. ತೂಕದ ಯಂತ್ರ ಇದ್ದರೆ ಬೆಳಿಗ್ಗೆ ಶೌಚದ ನಂತರ, ಏನೂ ತಿನ್ನುವ ಮೊದಲು ನೋಡಿ ಬರೆದಿಡಿ, ವಾರದ ಸರಾಸರಿಯನ್ನು ಮಾತ್ರ ಹೋಲಿಸಿ. ಉಪ್ಪು, ಮುಟ್ಟಿನ ದಿನಗಳು, ಮಲಬದ್ಧತೆಯಿಂದ ಒಂದೆರಡು ಕಿಲೋ ಆಚೀಚೆ ಆಗುವುದು ಸಹಜ.

ಯಂತ್ರ ಇಲ್ಲವೆಂದು ಕೊಳ್ಳಬೇಡಿ, ದಾರ ಸಾಕು. ನಿಮ್ಮ ಎತ್ತರದಷ್ಟು ದಾರ ಕತ್ತರಿಸಿ, ಸರಿಯಾಗಿ ಅರ್ಧಕ್ಕೆ ಮಡಚಿ, ಹೊಕ್ಕುಳ ಮಟ್ಟದಲ್ಲಿ ಉಸಿರು ಬಿಟ್ಟ ಮೇಲೆ ಸುತ್ತಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ತುದಿಗಳು ಕೂಡದಿದ್ದರೆ ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಹೆಚ್ಚಿದೆ, ಅಂದರೆ ಇಳಿಸುವ ಅಗತ್ಯ ನಿಜಕ್ಕೂ ಇದೆ. ತುದಿಗಳ ನಡುವಿನ ಅಂತರವನ್ನು ಬೆರಳಿನಲ್ಲಿ ಅಳೆದು ಹದಿನೈದು ದಿನಕ್ಕೊಮ್ಮೆ ಬರೆಯಿರಿ. ತೂಕ ನಿಂತಂತೆ ಕಂಡರೂ ಈ ಅಂತರ ಕಿರಿದಾಗುತ್ತಿದ್ದರೆ ಕೊಬ್ಬು ಹೋಗುತ್ತಿದೆ.

ನಾಲ್ಕು ವಾರದ ಮೇಲೆ ನೋಟ್‌ಬುಕ್ ತೆರೆದು ನಿಯಮ ಮುರಿದ ದಿನಗಳನ್ನು ಎಣಿಸಿ. ವಾರಕ್ಕೆ ಒಂದು ದಿನ ತಪ್ಪಿದ್ದರೆ ಮುಂದುವರಿಸಿ. ವಾರಕ್ಕೆ ಮೂರು ದಿನ ತಪ್ಪಿದ್ದರೆ ನಿಮ್ಮನ್ನು ಬೈದುಕೊಳ್ಳಬೇಡಿ, ಆ ದಾರಿ ನಿಮ್ಮ ದಿನಚರಿಗೆ ಕೂಡುತ್ತಿಲ್ಲ, ಬೇರೆಯದಕ್ಕೆ ಹೋಗಿ. ಒಂದೂ ದಿನ ತಪ್ಪದೆ ತೂಕವೂ ದಾರವೂ ಕದಲಿಲ್ಲವೆಂದರೆ ಅಳತೆ ಎಲ್ಲೋ ಜಾರಿದೆ. ಮೂರು ದಿನ ಮತ್ತೆ ಸೌಟು ಎಣಿಸಿ, ಎಣ್ಣೆ ಬಾಟಲಿಯ ಗೆರೆ ನೋಡಿ. ಅದೂ ಸರಿಯಿದ್ದು ಸುಸ್ತು, ಚಳಿ ತಡೆಯದಿರುವುದು, ಮುಟ್ಟಿನ ಏರುಪೇರು ಇದ್ದರೆ ಥೈರಾಯ್ಡ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ.

ಚೆನ್ನಾಗಿ ಇಳಿಯುತ್ತಿದ್ದದ್ದು ನಾಲ್ಕೈದು ತಿಂಗಳಿಗೆ ನಿಧಾನವಾದರೆ ಅದು ನಿಮ್ಮ ತಪ್ಪಲ್ಲ. ಹಗುರಾದ ದೇಹಕ್ಕೆ ಬೇಕಾಗುವ ಶಕ್ತಿಯೂ ಕಡಿಮೆ. ಮೇಲಿನ ಸೂತ್ರದಲ್ಲೇ ಹಾಕಿ ನೋಡಿದರೆ 5 ಕಿಲೋ ಇಳಿದವರ ದಿನದ ಖರ್ಚು ಸುಮಾರು 70 ಕ್ಯಾಲೊರಿ ತಗ್ಗಿರುತ್ತದೆ, ಹೆಚ್ಚು ಕಡಿಮೆ ಒಂದು ಸೌಟು ಅನ್ನದಷ್ಟು. ಪ್ರತಿ 5 ಕಿಲೋಗೆ ಆ ಒಂದು ಸೌಟನ್ನು ತೆಗೆಯಿರಿ, ಇಲ್ಲವೇ ದಿನಕ್ಕೆ ಇಪ್ಪತ್ತು ನಿಮಿಷ ಬಿರುಸಿನ ನಡಿಗೆ ಸೇರಿಸಿ.